ರಾಕ್ಷಸರು ಹಿಟ್ಟು ಬೀಸುವುದಿಲ್ಲ

ನನ್ನ ಕಥೆಯಲ್ಲಿ ಜಗತ್ತು ಮುಗಿದುಹೋಗಿತ್ತು. ದೊಡ್ಡವರೆಲ್ಲ ಒಂದೇ ದಿನ ಸತ್ತಿದ್ದರು. ಉಳಿದವರು ಮಕ್ಕಳು ಮಾತ್ರ. ಊರುಗಳು ಖಾಲಿಯಾಗಿದ್ದವು, ಖಾಲಿ ಮನೆಗಳಲ್ಲಿ ರಾಕ್ಷಸರು ಸೇರಿಕೊಂಡಿದ್ದರು. ಮಕ್ಕಳು ಹೊಲದಲ್ಲಿ ಗುಡಿಸಲು ಹಾಕಿಕೊಂಡು, ಕಾಳು ಹುಡುಕಿಕೊಂಡು, ರಾಕ್ಷಸರ ಕಣ್ಣು ತಪ್ಪಿಸಿಕೊಂಡು ಬದುಕಬೇಕು. ಈಗಿನ ಹುಡುಗರು ಇಂಥವನ್ನು ದಪ್ಪ ದಪ್ಪ ಪುಸ್ತಕಗಳಲ್ಲಿ ಓದುತ್ತಾರಂತೆ, ಸಿನಿಮಾದಲ್ಲಿ ನೋಡುತ್ತಾರಂತೆ. ನನಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ನಾನು ಹದಿನಾಲ್ಕರ ಹುಡುಗಿ. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮುಂಡರಗಿ ಕಡೆಯ ನಮ್ಮ ಊರಿಗೆ ಪ್ಲೇಗ್ ಬಂದು ಊರಿಗೆ ಊರೇ ಹೊಲಕ್ಕೆ ಹೋಗಿ ಕೂತಿತ್ತು. ಕಣ್ಣೆದುರು ಇದ್ದದ್ದನ್ನೇ ನಾನು ಹೇಳಿದೆ. ದೊಡ್ಡವರನ್ನು ಕೊಂದದ್ದು ಮಾತ್ರ ನನ್ನ ಸ್ವಂತದ್ದು.

ಅದಕ್ಕೆ ಕಾರಣವೂ ಇತ್ತು. ನಾನು ಬೆಟಗೇರಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಶಾಲೆ ಕಲಿಯುತ್ತಿದ್ದೆ. ಪಕ್ಕದ ಗದಗಿನಲ್ಲಿ ಇಲಿ ಸತ್ತು ಬೀಳತೊಡಗಿದ ಕೂಡಲೇ ಶಾಲೆ ಮುಚ್ಚಿತು. ಅಪ್ಪ ಚಕ್ಕಡಿ ಕಟ್ಟಿಕೊಂಡು ಬಂದು ನನ್ನನ್ನು ಊರಿಗೆ ಕರೆತಂದ. ಬಂದು ನಾಲ್ಕು ದಿನವಾಗಿರಲಿಲ್ಲ, ನಮ್ಮೂರಲ್ಲೂ ಇಲಿ ಬಿದ್ದವು. ಮಗ್ಗದ ಸದ್ದು, ಅಚ್ಚುಕೂಟದ ಮಸಿ ವಾಸನೆ, ಗೆಳತಿಯರ ಹರಟೆ ಎಲ್ಲ ಬಿಟ್ಟು ಬಂದವಳಿಗೆ ಊರಿನ ದೊಡ್ಡವರ ಮೇಲೆ ಸಿಟ್ಟಿತ್ತು. ಕೂತರೆ ತಪ್ಪು, ನಿಂತರೆ ತಪ್ಪು, ನಕ್ಕರಂತೂ ದೊಡ್ಡ ತಪ್ಪು. ಬೆಟಗೇರಿಗೆ ಹೋಗಿ ಹುಡುಗಿಗೆ ಬಾಯಿ ಬಂದಿದೆ ಅನ್ನುತ್ತಿದ್ದರು. ಬಂದಿತ್ತು. ಅದನ್ನು ಎಲ್ಲಾದರೂ ಉಪಯೋಗಿಸಬೇಕಲ್ಲ ಎಂದು ಗುಡಿಸಲ ಸಾಲಿನ ಹಿಂದೆ ಜೋಳದ ಕಣಿಕೆಯ ಬಣವೆಯ ನೆರಳಿಗೆ ಕೂತು ಮಕ್ಕಳಿಗೆ ಕಥೆ ಹೇಳತೊಡಗಿದೆ.

ನನ್ನ ರಾಕ್ಷಸರಿಗೆ ಕಟ್ಟಳೆಗಳಿದ್ದವು. ಅವರು ಒಲೆ ಹಚ್ಚುವುದಿಲ್ಲ, ಸಿಕ್ಕಿದ್ದನ್ನು ಹಸಿಹಸಿಯೇ ತಿನ್ನುತ್ತಾರೆ. ಮಾತಾಡುವುದಿಲ್ಲ. ಯಾರ ಮನೆ ಸೇರಿದ್ದಾರೋ ಆ ಮನೆಯ ಜಂತಿಗೆ ಜೋತುಬಿದ್ದು ನಿದ್ದೆ ಮಾಡುತ್ತಾರೆ. ಗಾಣಿಗರ ಮನೆಯಲ್ಲಿದ್ದವನಿಗೆ ಕುತ್ತಿಗೆ ಇರಲಿಲ್ಲ. ಶಾಲೆಯಲ್ಲಿದ್ದವನಿಗೆ ಕೈಗಳು ಮೊಣಕಾಲಿನ ತನಕ ಬರುತ್ತಿದ್ದವು. ನಮ್ಮ ಮನೆಯಲ್ಲಿ ಮಾತ್ರ ಯಾವ ರಾಕ್ಷಸನನ್ನೂ ಇಟ್ಟಿರಲಿಲ್ಲ. ಮಕ್ಕಳು ಕೇಳಿದರೆ, ನಮ್ಮ ಅಡುಗೆಮನೆಯ ಹೊಗೆಗೆ ಯಾವನೂ ಒಳಗೆ ಬರಲಿಲ್ಲ ಅಂದಿದ್ದೆ. ಹುಡುಗರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಅವರಲ್ಲಿ ಕೆಲವರ ಮನೆಯಲ್ಲಿ ನಿಜಕ್ಕೂ ದೊಡ್ಡವರು ಸತ್ತಿದ್ದರು. ಅವರೇ ಎಲ್ಲರಿಗಿಂತ ಮುಂದೆ ಕೂರುತ್ತಿದ್ದರು, ಮುಂದೇನಾಯಿತು ಎಂದು ಎಲ್ಲರಿಗಿಂತ ಮೊದಲು ಕೇಳುತ್ತಿದ್ದರು.

ಊರ ಗೌಡರಿಗೆ ಇದು ಸರಿಬೀಳಲಿಲ್ಲ. ಸಾವು ಬಾಗಿಲಲ್ಲಿ ಕೂತಿರುವಾಗ ಹುಡುಗಿಯ ಬಾಯಲ್ಲಿ ಸಾವಿನ ಮಾತೇಕೆ ಎಂದು ಅಪ್ಪನನ್ನು ಕರೆದು ಕೇಳಿದರು. ಅಪ್ಪ "ಆತ್ರಿ" ಅಂದ. ಅಪ್ಪನಿಗೆ ಬರುತ್ತಿದ್ದದ್ದು ಒಪ್ಪಿಗೆಯ ಅದೊಂದೇ ಮಾತು. ಅವನದು ಮೆಣಸಿನಕಾಯಿ, ಹತ್ತಿಯ ಸಣ್ಣ ವ್ಯಾಪಾರ. ಗಿರಾಕಿ ಏನು ಕೇಳಿದರೂ ಆತ್ರಿ, ಹುಬ್ಬಳ್ಳಿಯ ದಲಾಲಿ ಏನು ಹೇಳಿದರೂ ಆತ್ರಿ, ಗೌಡರು ಕಣ್ಣು ಕೆಂಪಗೆ ಮಾಡಿದರಂತೂ ಮಾತು ಮುಗಿಯುವ ಮೊದಲೇ ಆತ್ರಿ. ನನಗೆ ಅವನನ್ನು ಕಂಡರೆ ಪ್ರೀತಿಯಿತ್ತು, ಆದರೆ ಅವನು ಆ ಮಾತು ಅಂದಾಗಲೆಲ್ಲ ಮೈ ಉರಿಯುತ್ತಿತ್ತು. ಕಥೆ ನಿಲ್ಲಿಸು ಎಂದು ಅವನು ಬಂದು ಹೇಳಿದ. ನಾನು ಬಣವೆಯ ಈ ಬದಿ ಬಿಟ್ಟು ಆ ಬದಿಗೆ ಕೂತು ಮುಂದುವರಿಸಿದೆ.

ಊರು ಬಿಡುವಾಗ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಮನೆಯ ಹೆಂಗಸು ಕೊನೆಗೆ ಹೊರಗೆ ಬರಬೇಕು. ಬರುವ ಮೊದಲು ಒಲೆಯ ಬೂದಿ ತೆಗೆದು ತಣ್ಣೀರು ಚಿಮುಕಿಸಬೇಕು. ಬೀಸುವ ಕಲ್ಲಿನ ಮೇಲ್ಗಲ್ಲನ್ನು ಇಳಿಸಿ ಗೋಡೆಗೆ ಆನಿಸಿ, ಅದರ ಗೂಟವನ್ನು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ಹೊರಡಬೇಕು. ಖಾಲಿ ಊರಿಗೆ ಮಾರಿ ಬರುತ್ತಾಳೆ, ಮನೆ ಮನೆ ಹೊಕ್ಕು ನೋಡುತ್ತಾಳೆ, ಬೀಸುವ ಕಲ್ಲು ಅಣಿಯಾಗಿ ಸಿಕ್ಕರೆ ಕೂತು ಬೀಸುತ್ತಾಳೆ, ಅವಳು ಬೀಸುವುದು ಕಾಳನ್ನಲ್ಲ ಎಂದು ಹಿರಿಯರ ನಂಬಿಕೆ. ಹಾಗಾಗಿ ಬೀಡುಬಿಟ್ಟ ಹೊಲದಲ್ಲಿ ಯಾವ ಹೆಂಗಸಿನ ಗಂಟು ಬಿಚ್ಚಿದರೂ ಒಂದು ಕಟ್ಟಿಗೆಯ ಗೂಟ ಸಿಗುತ್ತಿತ್ತು. ಹಗುರ ಕಲ್ಲು ಇದ್ದವರು ಚಕ್ಕಡಿಯಲ್ಲಿ ಹೇರಿಕೊಂಡು ಬಂದಿದ್ದರು. ನಮ್ಮದು ನೆಲಕ್ಕೆ ಹೂತ ಭಾರೀ ಕಲ್ಲು, ಮನೆಯಲ್ಲೇ ಉಳಿಯಿತು. ಅವ್ವ ದಿನವೂ ಬೇರೆಯವರ ಕಲ್ಲಿಗೆ ಹೋಗಿ ತನ್ನ ಸರದಿಗೆ ಕಾಯುತ್ತಿದ್ದಳು.

ಒಂದು ಬೆಳಗಿನ ಜಾವ ಊರ ಕಡೆಯಿಂದ ಬೀಸುವ ಸದ್ದು ಬಂತು.

ಸುಗ್ಗಿಯ ಚಳಿ, ಗಾಳಿ ಇರಲಿಲ್ಲ, ಸದ್ದು ನೆಟ್ಟಗೆ ಹೊಲದ ತನಕ ಬರುತ್ತಿತ್ತು. ಗರಗರ ಎನ್ನುವ ಸದ್ದಿನ ನಡುವೆ ಸುತ್ತಿಗೊಮ್ಮೆ ಟಕ್ ಎನ್ನುತ್ತಿತ್ತು. ಮೇಲ್ಗಲ್ಲಿನ ಅಂಚು ಒಡೆದ ಕಲ್ಲು ಇಡೀ ಊರಲ್ಲಿ ಇದ್ದದ್ದು ಒಂದೇ. ಎಲ್ಲರೂ ಎದ್ದು ಗುಡಿಸಲಿನಿಂದ ಹೊರಗೆ ಬಂದು ನಿಂತರು. ಎಲ್ಲರೂ ನಮ್ಮ ಗುಡಿಸಲ ಕಡೆ ನೋಡಿದರು. ಅವ್ವ ಗಂಟಿನಿಂದ ಗೂಟ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದಳು, ಕಿತ್ತುಕೊಂಡು ಬಂದಿದ್ದೇನೆ ನೋಡಿ ಎಂಬಂತೆ. ಅದರಿಂದ ಹೆದರಿಕೆ ಇನ್ನೂ ಹೆಚ್ಚಾಯಿತು. ಗೂಟವಿಲ್ಲದೆ ಕಲ್ಲು ತಿರುಗಿಸುವವರು ಮನುಷ್ಯರೇ ಇರಲಿಕ್ಕಿಲ್ಲ ಎಂದು ಗುಸುಗುಸು ಹಬ್ಬಿತು. ನನ್ನ ಕೇಳುಗರು ಓಡಿಬಂದು, ಅಕ್ಕಾ ನಿಮ್ಮ ಮನೆಗೂ ಬಂದರು ಎಂದು ನನ್ನ ಲಂಗ ಹಿಡಿದುಕೊಂಡರು.

ಮರುದಿನ ಬೆಳಗ್ಗೆಯೂ ಸದ್ದು ಬಂತು. ಅವತ್ತು ನಾನು ಅವ್ವನ ಪಕ್ಕದಲ್ಲೇ ನಿಂತಿದ್ದೆ. ಅವ್ವ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಕೊನೆಗೆ ನನಗೊಬ್ಬಳಿಗೇ ಕೇಳುವಂತೆ ಅಂದಳು:

"ಕಾಳು ನಾಕ ನಾಕ ಹಾಕಾಕತ್ತಾಳ. ಕಾಳು ಕಡಿಮಿ ಅದಾವ ಆಕೀ ಹಂತ್ಯಾಕ."

ಆಕಿ ಅಂದಳು. ಅದು ಅನ್ನಲಿಲ್ಲ, ಮಾರಿ ಅನ್ನಲಿಲ್ಲ. ನನ್ನ ತಲೆಯೊಳಗೆ ಏನೋ ತಟ್ಟನೆ ಬೆಳಗಿತು. ಆದರೆ ಅವ್ವ ಅದನ್ನು ಗಂಡಸರ ಮುಂದೆ ಹೇಳಲಿಲ್ಲ, ಹೇಳುವವಳೂ ಅಲ್ಲ. ಕೆಲವರು ನಮ್ಮ ಹಿತ್ತಲಿನ ಕಡೆಯಿಂದ ಎಳೆ ಹೊಗೆ ಏಳುವುದನ್ನೂ ಕಂಡಿದ್ದರು. ಮೂರನೆಯ ಬೆಳಗ್ಗೆ ಗೌಡರು ಎಲ್ಲರನ್ನೂ ಬೇವಿನ ಮರದ ಕೆಳಗೆ ಸೇರಿಸಿದರು.

ಗೌಡರು ಕೆಟ್ಟವರಲ್ಲ. ಇದನ್ನು ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಓದುವವರು ಅವರಿಗೆ ಮೀಸೆ ಹಚ್ಚಿ ಗದೆ ಕೊಟ್ಟುಬಿಡುತ್ತಾರೆ. ಹಿಂದಿನ ಪ್ಲೇಗಿನಲ್ಲಿ ಅವರು ಇಬ್ಬರು ಗಂಡುಮಕ್ಕಳನ್ನು ಒಂದೇ ವಾರದಲ್ಲಿ ಮಣ್ಣು ಮಾಡಿದವರು. ಆಗಲೂ ಊರ ಕಡೆಯಿಂದ ಬೀಸುವ ಸದ್ದು ಬಂದಿತ್ತು ಎಂದು ಅವರು ಆಣೆ ಮಾಡಿ ಹೇಳುತ್ತಿದ್ದರು. ಮಾರಿ ಕೂತ ಮನೆಯನ್ನು ಸುಡಬೇಕು, ಸುಟ್ಟರೆ ಉಳಿದ ಮನೆಗಳು ಉಳಿಯುತ್ತವೆ ಎಂಬುದು ಅವರು ಕೇಳಿಕೊಂಡು ಬಂದ ಮಾತು. ಸುಡುವುದಕ್ಕೂ ಒಂದು ಕಟ್ಟಳೆ. ಮನೆಗೆ ಬೆಂಕಿಯನ್ನು ಮನೆಯ ಯಜಮಾನನೇ ಇಡಬೇಕು. ಬೇರೆಯವರು ಇಟ್ಟರೆ ಆ ಮನೆಯ ಸಾವು ಇಟ್ಟವನ ಬೆನ್ನು ಹತ್ತುತ್ತದೆ. ಅವತ್ತು ಹೊತ್ತು ನೆತ್ತಿಗೆ ಬರುವಾಗ ಅಪ್ಪ ಬೆಂಕಿ ಇಡಬೇಕೆಂದು ತೀರ್ಮಾನವಾಯಿತು.

ಅಪ್ಪ ನೆಲ ನೋಡುತ್ತ ಕೂತಿದ್ದ. ಅವನ ಅಜ್ಜ ಕಟ್ಟಿಸಿದ ಮನೆ ಅದು. ನಾವೆಲ್ಲ ಹುಟ್ಟಿದ್ದು ಅದರ ಒಳಕೋಣೆಯಲ್ಲಿ. ಬೇಡ ಅನ್ನುತ್ತಾನೆ ಎಂದು ನಾನು ಕಾದೆ. ಅವನು ತಲೆ ಎತ್ತದೆ "ಆತ್ರಿ" ಅಂದ.

ನಾನು ಹೆಂಗಸರ ಸಾಲಿನಿಂದ ಎದ್ದು ಬಂದೆ. ಯಾರೋ ಲಂಗ ಹಿಡಿದು ಜಗ್ಗಿದರು, ಬಿಡಿಸಿಕೊಂಡೆ. ನನ್ನ ದನಿ ನಡುಗಲಿಲ್ಲ. ಅದಕ್ಕಾಗಿ ಈಗಲೂ ನನ್ನ ಮೇಲೆ ನನಗೆ ಮೆಚ್ಚುಗೆ ಇದೆ.

"ಗೌಡ್ರ, ಆ ರಾಕ್ಷಸರು ನನ್ನವ್ರು. ನಾ ಹುಟ್ಟಿಸೇನಿ, ನನಗ ಗೊತ್ತೈತಿ. ರಾಕ್ಷಸರು ಹಿಟ್ಟು ಬೀಸಂಗಿಲ್ರಿ. ನಸುಕಿನ್ಯಾಗ ಎದ್ದು ಬೀಸಾವ್ರು ಹೆಣ್ಣಮಕ್ಕಳು. ಒಳಗ ಯಾರೋ ಅದಾರ."

ಹೆಂಗಸರಲ್ಲಿ ಕೆಲವರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವರಿಗೆ ಗೊತ್ತಿತ್ತು, ನನಗಿಂತ ಮೊದಲೇ ಗೊತ್ತಿತ್ತು ಎಂದು ಈಗ ಅನಿಸುತ್ತದೆ. ಆದರೆ ಗೌಡರ ಮುಖ ಕಪ್ಪಾಯಿತು. ಇದೆಲ್ಲ ನಿನ್ನ ಬಾಯಿಂದಲೇ ಬಂದದ್ದು, ನೀನು ಕರೆದೆ ಅದು ಬಂತು ಎಂದರು. ಯಾರೋ ಇದ್ದಾರೆಂದರೆ ಒಬ್ಬರು ಹೋಗಿ ನೋಡಿ ಬರಲಿ ಅಂದೆ. ಪ್ಲೇಗಿನ ಊರೊಳಗೆ ಹೋದವನು ಮತ್ತೆ ಬೀಡಿಗೆ ಬರುವ ಹಾಗಿಲ್ಲ, ಯಾರನ್ನು ಕಳಿಸಲಿ, ನಿನ್ನ ಅಪ್ಪನನ್ನೇ ಎಂದು ಕೇಳಿದರು. ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ಟೊಪ್ಪಿಗೆ ಸರಿಪಡಿಸಿಕೊಂಡ. ನಾನು ಅಲ್ಲಿಂದ ಹೊರಟು ಹಳ್ಳದ ಕಡೆ ನಡೆದೆ. ಹುಡುಗಿ ಅಳುವುದಕ್ಕೆ ಹೋದಳು ಎಂದುಕೊಂಡಿರಬೇಕು, ಯಾರೂ ತಡೆಯಲಿಲ್ಲ.

ಹಳ್ಳ ಬಳಸಿಕೊಂಡು ಹೋದರೆ ಊರಿನ ಹಿಂಬದಿ. ಅಲ್ಲಿ ದಾರಿಗೆ ಜಾಲಿಮುಳ್ಳು ಹಚ್ಚಿದ್ದರು. ಮುಳ್ಳು ಸರಿಸಿ ಒಳಗೆ ಕಾಲಿಟ್ಟೆ. ಪಡುವಣಕ್ಕೆ ಕಪ್ಪತಗುಡ್ಡ ಎಂದಿನಂತೆ ಬಿದ್ದುಕೊಂಡಿತ್ತು. ಊರು ಮಾತ್ರ ನನಗೆ ಗೊತ್ತಿದ್ದ ಊರಾಗಿರಲಿಲ್ಲ. ಬಾಗಿಲುಗಳಿಗೆ ಬೇವಿನ ತೊಪ್ಪಲು ಒಣಗಿ ಜೋತಿತ್ತು. ಸಗಣಿ ಸಾರಿಸದ ಅಂಗಳಗಳು ಬಿರಿದಿದ್ದವು. ಒಂದು ಬೆಕ್ಕು ಕಟ್ಟೆಯ ಮೇಲೆ ಕೂತು ಇವಳ್ಯಾರು ಎಂಬಂತೆ ನನ್ನನ್ನು ನೋಡಿತು. ನನಗೆ ಹೆದರಿಕೆಯಾಯಿತು. ಇಲಿಗೆ ಹೆದರಬೇಕಿತ್ತು, ಚಿಗಟಕ್ಕೆ ಹೆದರಬೇಕಿತ್ತು, ಶಾಲೆ ಕಲಿತವಳಿಗೆ ಅಷ್ಟು ಗೊತ್ತಿತ್ತು. ನಾನು ಹೆದರಿದ್ದು ಗಾಣಿಗರ ಮನೆಯ ಕುತ್ತಿಗೆಯಿಲ್ಲದವನಿಗೆ. ಅವನನ್ನು ನಾನೇ ಅಲ್ಲಿ ಕೂರಿಸಿದ್ದೆ, ಆದರೂ ಆ ಬಾಗಿಲು ಬಂದಾಗ ಓಣಿಯ ಇನ್ನೊಂದು ಅಂಚಿಗೆ ಸರಿದೆ. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಸಾಕಿದವಳನ್ನೇ ಹೆದರಿಸುತ್ತೀಯೇನೋ ಎಂದು ಆ ಬಾಗಿಲಿಗೆ ಹೇಳಿ, ನಡು ಓಣಿಯಲ್ಲೇ ನಡೆದು ಹೋದೆ.

ನಮ್ಮ ಮನೆಯ ತಲಬಾಗಿಲಿಗೆ ಅಪ್ಪ ಹಾಕಿದ ಕೀಲಿ ಹಾಗೇ ಇತ್ತು. ಹಿಂದೆ ಹೋದೆ. ದನದ ಕೊಟ್ಟಿಗೆಯ ಮಣ್ಣಿನ ಗೋಡೆ ಒಂದು ಕಡೆ ಮಳೆಗೆ ಕುಸಿದಿತ್ತು, ಅದನ್ನು ಕಟ್ಟಿಸು ಎಂದು ಅವ್ವ ಹೇಳಿ ಹೇಳಿ ಸೋತಿದ್ದಳು. ಅಲ್ಲಿಂದ ನುಸುಳಿ ಅಡುಗೆಮನೆಗೆ ಬಂದರೆ, ಬೀಸುವ ಕಲ್ಲಿನ ಪಕ್ಕದಲ್ಲಿ ನನ್ನಷ್ಟೇ ಎತ್ತರದ ಒಬ್ಬ ಹುಡುಗಿ ಕುಡಗೋಲು ಎತ್ತಿ ಹಿಡಿದು ನಿಂತಿದ್ದಳು. ಅವಳ ಹಿಂದೆ ಒಬ್ಬ ಹೆಂಗಸು ಗೋಡೆಗೊರಗಿ ಕೂತಿದ್ದಳು. ಆಕೆಯ ಒಂದು ಕಾಲು ಮೊಣಕಾಲಿನ ತನಕ ಊದಿ ಬಟ್ಟೆ ಸುತ್ತಿಸಿಕೊಂಡಿತ್ತು. ಆಕೆಯ ಮಡಿಲಲ್ಲಿ ಒಂದು ಕೂಸು ರೊಟ್ಟಿಯ ಚೂರು ಚೀಪುತ್ತಿತ್ತು. ಕಲ್ಲಿಗೆ ಗೂಟದ ಬದಲು ನಮ್ಮ ಮುರಿದ ಸಲಿಕೆಯ ಹಿಡಿಯನ್ನು ಸಿಕ್ಕಿಸಿದ್ದರು.

"ಹತ್ರ ಬಂದ್ರ ಕಡೀತೇನಿ," ಅಂದಳು ಹುಡುಗಿ.

"ಇದು ನಮ್ಮ ಮನಿ," ಅಂದೆ.

"ಹಂಗಂತ ಎಲ್ಲಾರೂ ಅಂತಾರ. ನಮ್ಮ ಮನಿಗೆ ಬಂದಾವ್ರೂ ಹಂಗ ಅಂದ್ರು."

ಅವರು ಗಡಿಯಾಚೆಯವರು. ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮೂರು ಮುಂಬೈ ಸರಕಾರದ್ದು. ಅವ್ವನ ತವರು ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ದೊಡ್ಡಕ್ಕನನ್ನು ಕೊಟ್ಟ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಮೂಡಣಕ್ಕೆ ಕೆಲವು ಹೊಲ ದಾಟಿದರೆ ನಿಜಾಮನ ಸೀಮೆ. ನಮ್ಮ ಶಾಲೆಯ ಮೇಲೆ ಬಾವುಟ ಹಾರಿತ್ತು, ಅಲ್ಲಿ ಹಾರಿರಲಿಲ್ಲ. ಎಲ್ಲ ಕಡೆ ಅದೇ ಜೋಳ, ಅದೇ ಮಾತು, ಬೀಗತನ ಕೂಡ ಈ ಕಡೆಯಿಂದ ಆ ಕಡೆಗೆ. ಮುಂದೆ ಇದನ್ನೆಲ್ಲ ಒಂದೇ ರಾಜ್ಯ ಮಾಡಿದಾಗ ಗದಗಿನಲ್ಲಿ ಪೇಢೆ ಹಂಚಿದರು, ನಾನೂ ಎರಡು ತಿಂದೆ. ಆದರೆ ಆ ಚಳಿಗಾಲದಲ್ಲಿ ಗಡಿಯಾಚೆಯ ಹಳ್ಳಿಗಳಿಗೆ ಗುಂಪು ಕಟ್ಟಿಕೊಂಡು ಬಂದು ಸುಲಿಯುವವರಿದ್ದರು, ಸುಡುವವರಿದ್ದರು. ಹುಡುಗಿಯ ಅಪ್ಪನನ್ನು ಅಂಗಳದಲ್ಲೇ ಕೊಂದಿದ್ದರು. ಇವರು ಹಿತ್ತಲಿನಿಂದ ಓಡಿ ಹೊಲ ಬಿದ್ದು ಬಂದಿದ್ದರು. ದಾರಿಯಲ್ಲಿ ತಾಯಿಯ ಕಾಲಿಗೆ ಮುಳ್ಳು ನೆಟ್ಟು ಕೀವಾಗಿತ್ತು.

ನಮ್ಮೂರಿಗೆ ಬಂದರೆ ಊರೆಲ್ಲ ಖಾಲಿ. ಬಾಗಿಲು ಹಾಕಿವೆ, ಒಬ್ಬ ಮನುಷ್ಯನಿಲ್ಲ. ಇಲ್ಲಿಗೂ ಸುಲಿಯುವವರು ಬಂದು ಹೋಗಿದ್ದಾರೆ ಎಂದುಕೊಂಡರು. ದೂರದ ಹೊಲದಲ್ಲಿ ಗುಡಿಸಲು ಕಂಡವು, ಹೊಗೆ ಕಂಡಿತು, ಗಂಡಸರ ಗುಂಪು ಕಂಡಿತು. ಅವರೇ ಊರು ಸುಲಿದು ಅಲ್ಲಿ ಬೀಡುಬಿಟ್ಟಿದ್ದಾರೆ ಎಂದುಕೊಂಡರು. ನಾವು ಅವರಿಗೆ ಹೆದರಿ ಹೊರಗೆ, ಅವರು ನಮಗೆ ಹೆದರಿ ಒಳಗೆ. ಪ್ಲೇಗ್ ಎಂಬ ಮಾತನ್ನು ನಾನು ಹೇಳಿದಾಗ ತಾಯಿ ಕೂಸನ್ನು ಎದೆಗೊತ್ತಿಕೊಂಡಳು. ಹುಡುಗಿ ಮಾತ್ರ ಅಲುಗಲಿಲ್ಲ. ಗುಡಿಸಲಿನವರು ಸುಲಿಯುವವರಲ್ಲ, ನಮ್ಮ ಜನ, ಊರಿನವರು ಎಂದು ನಾನು ಮತ್ತೆ ಮತ್ತೆ ಹೇಳಿದೆ. ಅವಳು ಒಂದು ಮಾತು ಅಂದಳು. ಅದನ್ನು ಕೇಳಿದ ಮೇಲೆ ನಾನು ಯಾರಿಗೂ ಕುತ್ತಿಗೆಯಿಲ್ಲದ ರಾಕ್ಷಸರ ಕಥೆ ಹೇಳಲಿಲ್ಲ.

"ನಮ್ಮಲ್ಲಿಗೆ ಬಂದಾವ್ರೂ ಗುರುತಿನವ್ರ. ಒಬ್ಬಾಂವ ನನಗ ಸಣ್ಣಕಿದ್ದಾಗ ಬುಗುರಿ ಮಾಡಿಕೊಟ್ಟಿದ್ದ."

ನಾನು ನಡೆದದ್ದನ್ನು ಹೇಳಿದೆ. ನೀವು ಬೀಸಿದ ಸದ್ದು ಹೊಲಕ್ಕೆ ಕೇಳಿದೆ, ಮಾರಿ ಎಂದು ತಿಳಿದಿದ್ದಾರೆ, ಹೊತ್ತು ನೆತ್ತಿಗೆ ಬರುವಾಗ ಬಂದು ಮನೆ ಸುಡುತ್ತಾರೆ. ಬೆಂಕಿ ಇಡುವವನು ನನ್ನ ಅಪ್ಪ. ಹುಡುಗಿ ತನ್ನ ತಾಯಿಯ ಕಾಲು ತೋರಿಸಿದಳು. ಆಕೆಯನ್ನು ಎತ್ತಿಕೊಂಡು ಹೋಗೋಣವೆಂದರೆ ಎಲ್ಲಿಗೆ? ಬೀಡಿನಲ್ಲಿ ಸೇರಿಸುವುದಿಲ್ಲ. ಗಡಿಯ ಕಡೆ ಮತ್ತೆ ಹೋಗುವಂತಿಲ್ಲ. ಮುಂಡರಗಿಯಲ್ಲಿ ಓಡಿಬಂದವರಿಗೆ ನೆಲೆ ಕೊಡುತ್ತಾರೆಂದು ಕೇಳಿದ್ದೆ, ಅಷ್ಟು ದೂರ ಆಕೆ ತೆವಳಿಯೂ ಹೋಗಲಾರಳು. ಹಾಗಾದರೆ ಇಲ್ಲೇ ಇರೋಣ ಅಂದೆ. ಇರೋಣ ಎಂಬ ಮಾತು ಹೇಗೆ ಬಂತೋ ಗೊತ್ತಿಲ್ಲ. ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕುಡಗೋಲನ್ನು ಸ್ವಲ್ಪ ಇಳಿಸಿದಳು.

ಗಂಡಸರು ಬಂದರು. ನಮ್ಮದು ಮಣ್ಣಿನ ಮಾಳಿಗೆಯ ಮನೆ, ಸುಲಭಕ್ಕೆ ಹತ್ತಿಕೊಳ್ಳುವುದಿಲ್ಲ. ಅದಕ್ಕೆ ಕಣಿಕೆಯ ಹೊರೆಗಳನ್ನು ಹೊತ್ತು ತಂದಿದ್ದರು. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರು, ಕಣ್ಣು ಮಾತ್ರ ಕಾಣುತ್ತಿದ್ದವು. ಹುಡುಗಿ ಕಿಟಕಿಯ ಸಂದಿನಿಂದ ಆ ಮುಖಗಳನ್ನು ನೋಡಿ ನನ್ನ ಕಡೆ ತಿರುಗಿದಳು. ಹೊರೆಗಳನ್ನು ಬಾಗಿಲಿಗೆ ಒತ್ತಿ ಒಟ್ಟಿದರು. ಗೌಡರು ಹಿಂದೆ ನಿಂತಿದ್ದರು. ಅಪ್ಪ ಮುಂದೆ ಬಂದ. ಅವನ ಕೈಯಲ್ಲಿ ಎಣ್ಣೆ ಬಟ್ಟೆ ಸುತ್ತಿದ ಪಂಜು ಹಗಲಲ್ಲೇ ಉರಿಯುತ್ತಿತ್ತು, ಬಿಸಿಲಿಗೆ ಅದರ ಉರಿ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ನಾನು ಪಡಸಾಲೆಯ ಕಿಟಕಿಯ ಕಂಬಿಗಳನ್ನು ಹಿಡಿದು ನಿಂತೆ.

ಅಪ್ಪ ನನ್ನನ್ನು ನೋಡಿದ. ಗುಂಪಿನಲ್ಲಿ ಗದ್ದಲವಾಯಿತು. ಹುಡುಗಿ ಒಳಗೆ ಹೇಗೆ ಹೋದಳು, ಮಾರಿಯೇ ಎಳೆದುಕೊಂಡಳು ಎಂದು ಯಾರೋ ಅಂದರು. ನಾನು ಗಂಟಲು ಹರಿಯುವಂತೆ ಎಲ್ಲವನ್ನೂ ಹೇಳಿದೆ. ಒಬ್ಬ ತಾಯಿ, ಒಬ್ಬ ಹುಡುಗಿ, ಒಂದು ಕೂಸು, ಗಡಿಯಾಚೆಯಿಂದ ಓಡಿ ಬಂದವರು, ಹಸಿದು ನಮ್ಮ ಜೋಳ ಬೀಸಿಕೊಂಡಿದ್ದಾರೆ, ಅಷ್ಟೇ. ಸಾಲದೆಂದು ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದು ಕಿಟಕಿಗೆ ಹಿಡಿದೆ. ಅದು ರೊಟ್ಟಿ ಮೆತ್ತಿದ ಬಾಯಿಯಿಂದ ಗಂಡಸರ ಕಡೆ ನೋಡಿತು.

ಕೆಲವರು ಹೊರೆ ಸರಿಸಲು ಬಾಗಿದರು. ಗೌಡರು ತಡೆದರು. ಅವರ ದನಿ ಗಡುಸಾಗಿರಲಿಲ್ಲ, ಸೋತಂತಿತ್ತು. ಎಲ್ಲಿಂದಲೋ ಬಂದವರು ಪ್ಲೇಗಿನ ಮನೆಯಲ್ಲಿ ಮಲಗಿ ಎದ್ದಿದ್ದಾರೆ, ಆ ಹೆಂಗಸಿನ ಕಾಲು ಊದಿದ್ದು ಮುಳ್ಳಿನಿಂದಲೋ ರೋಗದಿಂದಲೋ ಯಾರು ಬಲ್ಲರು, ಅವರನ್ನು ಹೊರಗೆ ಬಿಟ್ಟರೆ ಬೀಡಿನ ಮಕ್ಕಳು ಸಾಯುತ್ತಾರೆ ಅಂದರು. ಬಂದ ದಾರಿಯಲ್ಲೇ ಅವರು ಹಿತ್ತಲಿನಿಂದ ಹೋಗಲಿ, ಮನೆಯನ್ನಂತೂ ಸುಡಲೇಬೇಕು ಅಂದರು. ಆಕೆಗೆ ನಡೆಯಲಾಗುವುದಿಲ್ಲ ಎಂದು ಕಿರುಚಿದೆ. ಗೌಡರು ನನ್ನ ಕಡೆ ನೋಡಲಿಲ್ಲ. ಅಪ್ಪನಿಗೆ ಹೇಳಿದರು: ನಿನ್ನ ಮಗಳನ್ನು ಹೊರಗೆ ಕರೆ, ಆಮೇಲೆ ಇಡು.

ಅಪ್ಪ ಕಿಟಕಿಯ ಹತ್ತಿರ ಬಂದ. ಬಾ ಎಂದು ಕರೆದ. ಅವನ ಉಡದಾರಕ್ಕೆ ಕಟ್ಟಿದ ಕೀಲಿಕೈ ಅಂಗಿಯ ಕೆಳಗಿಂದ ಇಣುಕುತ್ತಿತ್ತು. ನನಗೆ ಅವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು, ಅಳುವನ್ನು ನುಂಗಿದೆ.

"ಒಂದು ಕೈಯಾಗ ಬೆಂಕಿ ಐತಿ, ನಡದಾಗ ಕೀಲಿಕೈ ಐತಿ. ಯಾವದರ ಒಂದು ಮಾಡಪಾ. ನಾ ಹೊರಗ ಬರಂಗಿಲ್ಲ."

ಅವನು ಎಷ್ಟು ಹೊತ್ತು ನಿಂತನೋ ಹೇಳಲಾರೆ. ಪಂಜಿನ ಎಣ್ಣೆ ತೊಟ್ಟಿಕ್ಕಿ ಅವನ ಧೋತರದ ಅಂಚಿಗೆ ಬಿತ್ತು, ಅದನ್ನು ಕೊಡವಿಕೊಳ್ಳಲೂ ಇಲ್ಲ. ಹಿಂದಿನಿಂದ ಗೌಡರು ಅವಸರಿಸಿದರು. ಅಪ್ಪ ಬಾಯಿ ತೆರೆದ. ಆ ಎರಡಕ್ಷರ ಬರುತ್ತದೆ ಎಂದು ನಾನು ಕಂಬಿಯನ್ನು ಬಿಗಿಯಾಗಿ ಹಿಡಿದೆ. ಏನೂ ಬರಲಿಲ್ಲ. ಅವನು ಬಾಯಿ ಮುಚ್ಚಿಕೊಂಡು, ಪಂಜನ್ನು ದನಗಳ ಬಾನಿಗೆ ಒಯ್ದು ತಳದಲ್ಲಿ ಉಳಿದಿದ್ದ ಹಸಿರುಗಟ್ಟಿದ ನೀರಿನಲ್ಲಿ ಅದ್ದಿದ. ಆಮೇಲೆ ಬಾಗಿಲಿಗೆ ಒಟ್ಟಿದ್ದ ಹೊರೆಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕೆ ಹಾಕಿದ. ಯಾರೂ ಅವನಿಗೆ ಕೈ ಹಚ್ಚಲಿಲ್ಲ, ತಡೆಯಲೂ ಇಲ್ಲ. ಕೀಲಿ ತೆಗೆದು ಒಳಗೆ ಬಂದ. ಬಂದವನು ಬಾಗಿಲು ಹಾಕಿ ಒಳಗಿನಿಂದ ಅಗಳಿ ಜಡಿದ. ಇನ್ನು ಆ ಮನೆಗೆ ಬೆಂಕಿ ಇಡಬೇಕಾದ ಯಜಮಾನ ಮನೆಯೊಳಗೇ ಇದ್ದ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಮನೆಯನ್ನು ಯಾರೂ ಸುಡಲಿಲ್ಲ, ಆದರೆ ನಮ್ಮನ್ನು ಬೀಡಿಗೆ ಸೇರಿಸಲಿಲ್ಲ. ಹಳ್ಳದ ಆಚೆ ಬೇರೆ ಗುಡಿಸಲು ಹಾಕಿಕೊಂಡು ಇದ್ದೆವು, ಅವ್ವ ನನ್ನ ಪುಟ್ಟ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಯಾರನ್ನೂ ಕೇಳದೆ ನಮ್ಮಲ್ಲಿಗೇ ಬಂದಳು. ಪ್ಲೇಗ್ ನಮ್ಮನ್ನು ಮುಟ್ಟಲಿಲ್ಲ. ಅದು ನಮ್ಮ ಧೈರ್ಯಕ್ಕೆ ಸಿಕ್ಕ ಬಹುಮಾನವೆಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಧೈರ್ಯವಂತರೂ ಸಾಯುತ್ತಾರೆ, ಆ ವರ್ಷ ಎಷ್ಟೋ ಜನ ಸತ್ತರು. ಹುಡುಗಿಯ ತಾಯಿಯ ಕಾಲು ಬೇವಿನ ಎಲೆ, ಅರಿಶಿನಕ್ಕೆ ಬಗ್ಗಿತು. ಮಳೆಗಾಲ ಮುಗಿಯುವ ಹೊತ್ತಿಗೆ ಗಡಿಯಾಚೆಯೂ ಬಾವುಟ ಹಾರಿತು. ಆದರೂ ಅವರು ವಾಪಸ್ಸು ಹೋಗಲಿಲ್ಲ. ಗೌಡರು ಸಾಯುವ ತನಕ ನನ್ನ ಜೊತೆ ಮಾತಾಡಲಿಲ್ಲ, ನಾನೂ ಅವರ ಜೊತೆ ಮಾತಾಡಲಿಲ್ಲ. ಇದರಲ್ಲಿ ನನಗೆ ಪಶ್ಚಾತ್ತಾಪವಿಲ್ಲ.

ನನ್ನ ಕಣ್ಣಿಗೆ ಕಟ್ಟಿದ್ದು ಆ ಮಧ್ಯಾಹ್ನ. ಅಪ್ಪ ಅಗಳಿ ಜಡಿದು ಅಡುಗೆಮನೆಗೆ ಬಂದಾಗ ಹುಡುಗಿ ಮತ್ತೆ ಕುಡಗೋಲು ಎತ್ತಿದಳು. ಇವನು ಯಾರು ಎಂದು ಕಣ್ಣಲ್ಲೇ ಕೇಳಿದಳು. ಅಪ್ಪ ಅಂದೆ. ನನ್ನ ಮಾತಿನಿಂದ ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಅಪ್ಪ ಎಂಬ ಮನುಷ್ಯ ಹೊಸಬರನ್ನು ಕಂಡರೆ ಮೊದಲು ಕೇಳುತ್ತಿದ್ದದ್ದು ಯಾವ ಊರು, ಯಾವ ಜನ. ಜನ ಯಾವುದೆಂದು ತಿಳಿಯದೆ ಯಾರ ಕೈಯಿಂದಲೂ ನೀರು ಮುಟ್ಟಿದವನಲ್ಲ, ಅವನ ಅಪ್ಪ ಮುಟ್ಟಿರಲಿಲ್ಲ, ಅಜ್ಜ ಮುಟ್ಟಿರಲಿಲ್ಲ. ಈಗ ಕೇಳುತ್ತಾನೆ ಎಂದುಕೊಂಡೆ. ಅವನು ಟೊಪ್ಪಿಗೆ ತೆಗೆದು ಬದಿಗಿಟ್ಟು, ಎತ್ತಿ ಹಿಡಿದ ಕುಡಗೋಲಿನ ಕೆಳಗೇ ಬೀಸುವ ಕಲ್ಲಿನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ.

"ರೊಟ್ಟಿ ಉಳದಾವೇನವಾ? ಮುಂಜಾನಿಂದ ಏನೂ ತಿಂದಿಲ್ಲ ನಾ."

ಹುಡುಗಿ ತನ್ನ ತಾಯಿಯ ಕಡೆ ನೋಡಿದಳು. ತಾಯಿ ಪಕ್ಕದಲ್ಲಿದ್ದ ಬುಟ್ಟಿಯ ಬಟ್ಟೆ ಸರಿಸಿದಳು. ಹುಡುಗಿ ಎಡಗೈಯಲ್ಲಿ ಕುಡಗೋಲು ಹಿಡಿದುಕೊಂಡೇ ಬಲಗೈಯಿಂದ ಒಂದು ರೊಟ್ಟಿ ತೆಗೆದು ಕೊಟ್ಟಳು. ಉಪ್ಪಿಲ್ಲ, ಕಾರವಿಲ್ಲ, ಬರೀ ರೊಟ್ಟಿ. ಅಪ್ಪ ಎರಡೂ ಕೈಯಿಂದ ತೆಗೆದುಕೊಂಡು ಮುರಿದು ತಿನ್ನತೊಡಗಿದ. ಹೊರಗೆ ಗೌಡರು ಬಾಗಿಲು ಬಡಿಯುತ್ತ ಅವನನ್ನು ಕರೆಯುತ್ತಲೇ ಇದ್ದರು. ಅಪ್ಪ ಇನ್ನೊಂದು ರೊಟ್ಟಿ ಕೇಳಿದ.